ಹೆಸರಿನ ಪುಸ್ತಕದಲ್ಲಿ ಐತ ಯಾಕಿಲ್ಲ?

ನಮ್ಮ ವಾಚನಾಲಯದಿಂದ ಹೆಚ್ಚು ಸಲ ಮನೆಗೆ ಹೋಗಿ ಬಂದ ಪುಸ್ತಕ ಯಾವುದು ಎಂದು ಯಾರಾದರೂ ಕೇಳಿದರೆ ಕಾರಂತರದ್ದೋ ಕಯ್ಯಾರರದ್ದೋ ಹೇಳಬೇಕು ಎಂಬ ಆಸೆ ನನಗೂ ಉಂಟು. ಆದರೆ ಪುಸ್ತಕ ಕೊಡುವ ರಿಜಿಸ್ಟ್ರು ಸುಳ್ಳು ಹೇಳುವುದಿಲ್ಲ. ಹಿಂದಿನ ಕಪಾಟಿನ ಕೆಳಗಿನ ಸಾಲಿನಲ್ಲಿ, ಅಡುಗೆ ಪುಸ್ತಕಗಳ ಪಕ್ಕದಲ್ಲಿ, ಮಕ್ಕಳಿಗೆ ಇಡುವ ಹೆಸರುಗಳ ನಾಲ್ಕು ಪುಸ್ತಕ ಉಂಟು. ಎರಡು ಕನ್ನಡ, ಒಂದು ಮಲಯಾಳ, ಒಂದು ಇಂಗ್ಲಿಷ್. ಬೈಂಡು ಬಿಟ್ಟುಹೋಗಿ ದಾರ ಕಟ್ಟಿ ಇಟ್ಟಿದ್ದೇವೆ. ವರ್ಷಕ್ಕೆ ಒಂದು ಸಲವೂ ವಾಚನಾಲಯದ ಮೆಟ್ಟಿಲು ಹತ್ತದವರು ಮಗು ಹುಟ್ಟಿದ ವಾರ ಬರುತ್ತಾರೆ. ಚಪ್ಪಲಿ ಹೊರಗೆ ಬಿಟ್ಟು, ಸ್ವಲ್ಪ ನಾಚಿಕೊಂಡು, "ಆ ಹೆಸರಿನ ಪುಸ್ತಕ ಉಂಟಲ್ಲ..." ಎನ್ನುತ್ತಾರೆ.

ಒಂದು ಕವನ ಸಂಕಲನ ಬಂದರೆ ಅದಕ್ಕೆ ಮುನ್ನುಡಿ, ಬೆನ್ನುಡಿ, ಬಿಡುಗಡೆ, ಆಮೇಲೆ ಪತ್ರಿಕೆಯಲ್ಲಿ ನಾಲ್ಕು ಸಾಲಿನ ವಿಮರ್ಶೆ ಉಂಟು. ಒಬ್ಬ ಮನುಷ್ಯನ ತಲೆಯ ಮೇಲೆ ಎಪ್ಪತ್ತು ಎಂಬತ್ತು ವರ್ಷ ಕೂರುವ ಒಂದು ಶಬ್ದವನ್ನು ಆರಿಸಿ ಕೊಡುವ ಪುಸ್ತಕಕ್ಕೆ ವಿಮರ್ಶೆ ಇಲ್ಲ. ಅದನ್ನು ಯಾರೂ ಪುಸ್ತಕ ಎಂದೇ ಲೆಕ್ಕ ಹಿಡಿಯುವುದಿಲ್ಲ. ಕಳೆದ ಮಳೆಗಾಲದಲ್ಲಿ ನಾನು ನಾಲ್ಕನ್ನೂ ಮನೆಗೆ ತಂದು ಗಂಡುಮಕ್ಕಳ ಭಾಗವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಪುಸ್ತಕಗಳ ಹೆಸರು ಇಲ್ಲಿ ಹೇಳುವುದಿಲ್ಲ. ನಾಲ್ಕೂ ಒಂದೇ ಅಚ್ಚಿನ ಬೆಲ್ಲ, ಒಂದಕ್ಕೆ ಹೇಳಿದ್ದು ಎಲ್ಲದಕ್ಕೂ ಸಲ್ಲುತ್ತದೆ.

ಕಟ್ಟು ಸರಳ. ಎಡಗಡೆ ಹೆಸರು, ನಡುವೆ ಭಾಷೆ, ಬಲಗಡೆ ಅರ್ಥ. ಹಿಂದೆ ನಕ್ಷತ್ರದ ಪಟ್ಟಿ, ಯಾವ ನಕ್ಷತ್ರಕ್ಕೆ ಯಾವ ಅಕ್ಷರ ಎಂದು. ಈ ಪಟ್ಟಿ ಪಂಚಾಂಗದಲ್ಲಿಯೂ ಇರುವುದರಿಂದ ತಕರಾರು ಇಲ್ಲ. ಆದರೆ ಆರ್ದ್ರಾ ನಕ್ಷತ್ರದ ನಾಲ್ಕು ಪಾದಕ್ಕೆ ಕು, ಘ, ಙ, ಛ. ಹಸ್ತಕ್ಕೆ ಪು, ಷ, ಣ, ಠ. ಆರ್ದ್ರೆಯ ಮೂರನೇ ಪಾದದಲ್ಲಿ ಹುಟ್ಟಿದ ಮಗುವಿಗೆ 'ಙ'ದಿಂದ ಹೆಸರು ಹುಡುಕುವ ತಂದೆಯನ್ನು ನೆನೆದು ನಾನು ಒಬ್ಬನೇ ನಕ್ಕೆ. ಪುಸ್ತಕದಲ್ಲಿ ಙ ಅಕ್ಷರಕ್ಕೆ ಒಂದು ಪುಟ ಬಿಟ್ಟು ಖಾಲಿ ಇಟ್ಟಿದ್ದಾರೆ. ಇಡೀ ಪುಸ್ತಕದಲ್ಲಿ ಅತ್ಯಂತ ಪ್ರಾಮಾಣಿಕ ಪುಟ ಅದು. ಇಂಗ್ಲಿಷ್ ಅಕ್ಷರ ಒಂದು ಹೆಚ್ಚು ಹಾಕಿದರೆ ಭಾಗ್ಯ ಬರುತ್ತದೆ ಎನ್ನುವ ಸಂಖ್ಯಾಶಾಸ್ತ್ರದ ಪುಟಗಳನ್ನು ನಾನು ದಾಟಿ ಹೋಗಿದ್ದೇನೆ, ನೀವೂ ದಾಟಿ.

ಅರ್ಥದ ಸಾಲನ್ನು ಮಾತ್ರ ಮೇಲಿನಿಂದ ಕೆಳಗೆ ಓದಿಕೊಂಡು ಹೋದರೆ ಲೋಕದಲ್ಲಿ ಗಂಡುಮಕ್ಕಳಿಗೆ ಮೂರೇ ಕೆಲಸ: ಹೊಳೆಯುವುದು, ಗೆಲ್ಲುವುದು, ಆಳುವುದು. ಸೂರ್ಯನ ಕಿರಣ, ವಿಜಯಿ, ರಾಜ. ಪುನಃ ಸೂರ್ಯನ ಕಿರಣ. ಅರ್ಥ ಚಂದ ಇಲ್ಲದಿದ್ದರೆ ಚಂದ ಮಾಡಿ ಬರೆಯುತ್ತಾರೆ. ತೋಮಸ್ ಎನ್ನುವ ಹೆಸರು ಅರಾಮಿಕ್ ಭಾಷೆಯದ್ದು, ಅರ್ಥ 'ಅವಳಿ' ಎಂದು ಮಾತ್ರ. ಎಷ್ಟು ಒಳ್ಳೆಯ ಹೆಸರು! ಆದರೆ ನಮ್ಮ ಪುಸ್ತಕಕ್ಕೆ ಅದು ಸಾಲದು, 'ಪವಿತ್ರ ಪುರುಷ' ಎಂದು ಹಾಕಿದ್ದಾರೆ. 'ಸಿಕಂದರ್ — ಪಾರಸಿ — ಜಯಶಾಲಿ' ಎಂದು ಉಂಟು. ಸಿಕಂದರ್ ಎಂದರೆ ಅಲೆಕ್ಸಾಂಡರ್ ಅಲ್ಲದೆ ಬೇರೆ ಯಾರೂ ಅಲ್ಲ. ಗ್ರೀಕಿನ ಹೆಸರು, ಜನರನ್ನು ಕಾಯುವವನು ಎಂದು ಅರ್ಥ. ಮೊದಲಿನ 'ಅಲ್' ಎಂಬುದನ್ನು ಅರಬರು ತಮ್ಮ ಭಾಷೆಯ 'ಅಲ್' ಎಂದು ತಿಳಿದು ಬೇರೆ ಮಾಡಿದರು, ಉಳಿದದ್ದು ಇಸ್ಕಂದರ್, ಸಿಕಂದರ್. ಅವನು ಗೆದ್ದದ್ದರಿಂದ ಹೆಸರಿಗೆ ಗೆಲುವಿನ ಅರ್ಥ ಹತ್ತಿತು. ಹೆಸರಿನಿಂದ ಮನುಷ್ಯ ಗೆಲ್ಲಲಿಲ್ಲ.

'ಅಬ್ದುಲ್ — ಅರಬಿ — ಸೇವಕ' ಎಂದು ನಾಲ್ಕು ಪುಸ್ತಕದಲ್ಲಿಯೂ ಉಂಟು. ನಮ್ಮ ಊರಿನ ಮದ್ರಸದ ಮಕ್ಕಳನ್ನು ಕೇಳಿದರೂ ಸರಿ ಮಾಡಿ ಹೇಳಿಯಾರು. ಅಬ್ದುಲ್ ಒಂದೇ ನಿಂತರೆ ಅದು ಅರ್ಧ ಮಾತು, '...ನ ದಾಸ' ಎಂದ ಹಾಗೆ. ಯಾರ ದಾಸ ಎಂದು ಮುಂದೆ ಬರಬೇಕು: ಅಬ್ದುಲ್ ಖಾದರ್ ಎಂದರೆ ಸರ್ವಶಕ್ತನ ದಾಸ, ಅಬ್ದುಲ್ ರಹ್ಮಾನ್ ಎಂದರೆ ಕರುಣಾಮಯನ ದಾಸ. ನಮ್ಮ ಕನ್ನಡದ ಪಾಠಪುಸ್ತಕ, ಕತೆ, ನಾಟಕಗಳಲ್ಲಿ ಎಷ್ಟು ಜನ ಬರೇ ಅಬ್ದುಲ್‌ಗಳು ತಿರುಗಾಡುತ್ತಿಲ್ಲ! ಅರ್ಧ ಹೆಸರಿನವರು.

ಇನ್ನು ಭಾಷೆಯ ಸಾಲು. ಇದರಲ್ಲಿ ಆದ ಗೊಂದಲ ನಮ್ಮ ಜಿಲ್ಲೆಯವರಿಗೆ ಬೇಗ ಕಾಣಿಸುತ್ತದೆ, ಯಾಕೆಂದರೆ ಕಾಸರಗೋಡಿನಲ್ಲಿ ಒಂದು ಬಸ್ಸಿನೊಳಗೆ ಏಳು ಭಾಷೆ ಉಂಟು. ಪುಸ್ತಕ ಒಂದು ಹೆಸರಿಗೆ ಒಂದು ಭಾಷೆ ಎಂದು ಮೊಳೆ ಹೊಡೆದುಬಿಡುತ್ತದೆ. ಹೆಸರುಗಳು ಹಾಗೆ ನಿಲ್ಲುವ ಜಾತಿಯವಲ್ಲ. ಹೀಬ್ರೂವಿನ ಯೋಸೇಫ್ ಎನ್ನುವ ಹೆಸರು ನೋಡಿ. 'ದೇವರು ಇನ್ನೂ ಕೊಡಲಿ' ಎನ್ನುವ ಭಾವದ್ದು, ಅಂದರೆ ಇನ್ನೊಂದು ಮಗು ಬರಲಿ ಎಂದು. ಅದೇ ಅರಬಿಯಲ್ಲಿ ಯೂಸುಫ್. ತೆಂಕಣ ಕೇರಳದ ಕ್ರೈಸ್ತರ ಬಾಯಲ್ಲಿ ಔಸೇಪ್ಪ್. ಪೋರ್ಚುಗೀಸರಿಂದ ಬಂದು ನಮ್ಮ ಕೊಂಕಣಿ ಕ್ರೈಸ್ತರ ಮನೆಯಲ್ಲಿ ಜುಜೆ. ಒಂದೇ ಶಾಲೆಯ ಒಂದೇ ಬೆಂಚಿನಲ್ಲಿ ಯೂಸುಫ್, ಔಸೇಪ್ಪ್, ಜುಜೆ ಕೂತರೆ ಮೂವರೂ ಹೆಸರಣ್ಣಂದಿರು. ಪುಸ್ತಕದಲ್ಲಿ ಇವರ ನಡುವೆ ಮುನ್ನೂರು ಪುಟ ಅಂತರ. ಯೋಹಾನನ್ ಎನ್ನುವವನು ಹೀಗೆಯೇ ಯಾಹ್ಯಾ, ಜಾನ್, ಜುವಾಂವ್, ರಷ್ಯದಲ್ಲಿ ಇವಾನ್ ಆದ. 'ಇವಾನ್' ಈಗ ನಮ್ಮಲ್ಲಿ ಹೊಸ ಫ್ಯಾಶನ್ನಿನ ಹೆಸರು, ಪೇಟೆಯ ಮನೆಗಳಲ್ಲಿ ಎರಡು ಮೂರು ಕೇಳಿದ್ದೇನೆ. ಹಳೆಯ ಜುವಾಂವ್ ಅಜ್ಜನೇ ಅವನು ಎಂದು ಹೇಳಿದರೆ ಅವರಿಗೆ ಬೇಸರ ಆದೀತು.

ತಳಂಗರೆಯ ಮಾಲಿಕ್ ದೀನಾರ್ ಮಸೀದಿ ಎಲ್ಲರಿಗೂ ಗೊತ್ತು. ಮಾಲಿಕ್ ಅರಬಿ. ದೀನಾರ್ ಎನ್ನುವುದು ರೋಮಿನವರ ದೆನಾರಿಯುಸ್ ಎಂಬ ನಾಣ್ಯ, ಅರಬಸ್ತಾನಕ್ಕೆ ಹೋಗಿ ಅಲ್ಲಿಂದ ಹೆಸರಾಗಿ ನಮ್ಮ ಕಡಲ ಬದಿಗೆ ಬಂದದ್ದು. ಮುಹ್ಯಿದ್ದೀನ್, ಎಂದರೆ ಧರ್ಮಕ್ಕೆ ಪುನಃ ಜೀವ ಕೊಟ್ಟವನು, ನಮ್ಮಲ್ಲಿ ಮೊಯ್ದೀನ್ ಆಗಿ ಮೊಯ್ದು ಆಯಿತು. ಕೃಷ್ಣ ಎನ್ನುವ ಹೆಸರು ಪ್ರಾಕೃತದಲ್ಲಿ ಕಣ್ಹ ಆಗಿ ಮಲಯಾಳದಲ್ಲಿ ಕಣ್ಣನ್ ಆಯಿತು. ರಾಷ್ಟ್ರಕೂಟರ ಕಾಲದ ಶಾಸನಗಳಲ್ಲಿ ಕನ್ನರ ಎಂದಿರುವವನೂ ಅವನೇ. ಪುಸ್ತಕದವರು ಕಣ್ಣನ್ ಎಂದರೆ 'ಸುಂದರ ಕಣ್ಣುಳ್ಳವನು' ಎಂದು ಬರೆದು ಮುಗಿಸಿದ್ದಾರೆ. ತುಳುವಿನಲ್ಲಿ ಕಿಞ್ಞ ಎಂದರೆ ಸಣ್ಣ. ಕಿಞ್ಞಣ್ಣ ಎಂದರೆ ಸಣ್ಣಣ್ಣ. ನೂರು ವರ್ಷ ಬದುಕಿ ನಾಡಿಗೆಲ್ಲ ದೊಡ್ಡಣ್ಣನಾದ ಕಯ್ಯಾರರು ಕೊನೆಯವರೆಗೂ ಸಣ್ಣಣ್ಣನಾಗಿಯೇ ಸಹಿ ಹಾಕಿದರು. ಮಲಯಾಳದ 'ಕುಞ್ಞಿ'ಯೂ ಇದೇ ಅರ್ಥದ್ದು. ಅದು ಕುಞ್ಞಿರಾಮನ್ ಎಂದು ಮೊದಲು ಬಂದೀತು, ಅಬ್ದುಲ್ಲಕುಞ್ಞಿ ಎಂದು ಕೊನೆಗೆ ಬಂದೀತು. ದೇವರ ಹೆಸರು ಯಾವುದೇ ಇರಲಿ, ತಾಯಿಯಂದಿರು ಅದಕ್ಕೆ ಅಂಟಿಸಿದ ಮುದ್ದು ಮಾತ್ರ ಒಂದೇ. ಕಿಞ್ಞಣ್ಣನೂ ಇಲ್ಲ, ಮೊಯ್ದುವೂ ಇಲ್ಲ ಈ ನಾಲ್ಕು ಪುಸ್ತಕಗಳಲ್ಲಿ.

ಕೇರಳದ ಬಿಜು, ಶಿಜು, ಜಿಜೋ ಎಂಬ ಹೆಸರುಗಳನ್ನು ನಮ್ಮ ಕೆಲವು ಕನ್ನಡ ಮಾಷ್ಟ್ರುಗಳು ತಮಾಷೆ ಮಾಡುವುದುಂಟು, ಅರ್ಥ ಎಂತ ಎಂದು. ನನಗೆ ಆ ಹೆಸರುಗಳ ಮೇಲೆ ಗೌರವ. ಕೇಳಲಿಕ್ಕೆ ಸುಖ, ಕರೆಯಲಿಕ್ಕೆ ಸುಲಭ, ಜಾತಿ ಮತ ಹೇಳುವುದಿಲ್ಲ. ಅರ್ಥ ಇದೆ ಎಂದು ಅವು ಎಂದೂ ಹೇಳಿಕೊಂಡದ್ದಿಲ್ಲ. ಅದಕ್ಕೂ ಒಂದು ಅರ್ಥ ಹುಟ್ಟಿಸಿ ಸಂಸ್ಕೃತ ಎಂದು ಮುದ್ರೆ ಒತ್ತುವ ಪುಸ್ತಕಕ್ಕಿಂತ ಆ ಅಪ್ಪ ಅಮ್ಮ ಹೆಚ್ಚು ಸತ್ಯವಂತರು.

ಇಷ್ಟಾದರೆ ಇದು ತಪ್ಪು ತಿದ್ದುವ ಕೆಲಸ. ಕೆಂಪು ಶಾಯಿ ಹಿಡಿದು ಮೂವತ್ತು ವರ್ಷ ಅದನ್ನೇ ಮಾಡಿದವನು ನಾನು. ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ಪುಸ್ತಕದಲ್ಲಿ ಇದ್ದದ್ದಲ್ಲ, ಇಲ್ಲದ್ದು.

ನಮ್ಮ ಅಜ್ಜಂದಿರ ಕಾಲದಲ್ಲಿ ಈ ಭಾಗದ ಅರ್ಧಕ್ಕರ್ಧ ಮನೆಗಳಲ್ಲಿ ಹೆಸರು ಹುಡುಕುವ ಕಷ್ಟವೇ ಇರಲಿಲ್ಲ. ಮಗು ಯಾವ ವಾರ ಹುಟ್ಟಿತೋ ಅದೇ ಹೆಸರು. ಆದಿತ್ಯವಾರ ತುಳುವಿನಲ್ಲಿ ಐತಾರ, ಹುಡುಗ ಐತ. ಸೋಮವಾರದವನು ಸೋಮ ಅಥವಾ ಚೋಮ. ಮಂಗಳವಾರ ಅಂಗಾರ. ಬುಧವಾರ ಬೂದ. ಗುರುವಾರ ಗುರುವ. ಶುಕ್ರವಾರ ತುಕ್ರ. ಶನಿವಾರ ಚನಿಯ, ಕೆಲವು ಕಡೆ ತನಿಯ. ತುಳುವಿನಲ್ಲಿ ಸಕಾರ ಒಂದು ಕಡೆ ನಿಲ್ಲುವುದಿಲ್ಲ, ತಕಾರ ಚಕಾರ ಆಗಿ ಓಡಾಡುತ್ತದೆ. ಸೊಪ್ಪಿಗೆ ಒಬ್ಬರು ತಪ್ಪು ಎಂದರೆ ಇನ್ನೊಬ್ಬರು ಸಪ್ಪು, ಮತ್ತೊಬ್ಬರು ಚಪ್ಪು ಎನ್ನುತ್ತಾರೆ. ಹಾಗೆಯೇ ಶುಕ್ರ ತುಕ್ರನಾದ, ಶನಿ ಚನಿಯನಾದ.

ಈಗ ಪುಸ್ತಕ ತೆಗೆಯಿರಿ. 'ಆದಿತ್ಯ — ಸಂಸ್ಕೃತ — ಸೂರ್ಯ' ಎಂದು ದಪ್ಪ ಅಕ್ಷರದಲ್ಲಿ ಉಂಟು. ನಮ್ಮ ಶಾಲೆಯ ಒಂದು ತರಗತಿಯಲ್ಲಿ ಮೂರು ಆದಿತ್ಯರು ಕೂತ ವರ್ಷ ನನಗೆ ನೆನಪುಂಟು. ಐತ ಎಂದರೆ ಆದಿತ್ಯನೇ. ಸಂಸ್ಕೃತದ್ದೇ ಶಬ್ದ, ಅದೇ ಸೂರ್ಯ, ಅದೇ ಹೊಳಪು. ಅಂಗಾರನೂ ಸಂಸ್ಕೃತ, ಕೆಂಡದ ಹಾಗೆ ಕೆಂಪಾದ ಗ್ರಹ. ತುಕ್ರನೂ ಸಂಸ್ಕೃತವೇ. ಸಂಸ್ಕೃತ ಎಂದರೆ ಪ್ರಾಣ ಬಿಡುವ ಪುಸ್ತಕ ಈ ಏಳು ಹೆಸರುಗಳನ್ನು ಯಾಕೆ ಹೊರಗೆ ನಿಲ್ಲಿಸಿತು? ಅರ್ಥದಲ್ಲಿ ಕುಂದಿಲ್ಲ, ಮೂಲದಲ್ಲಿ ಕುಂದಿಲ್ಲ. ಹಾಗಾದರೆ ಉಳಿದದ್ದು ಒಂದೇ: ಆ ಹೆಸರು ಹೊತ್ತವರು ಯಾರು ಎನ್ನುವುದು. ಗದ್ದೆಯಲ್ಲಿ ನೇಗಿಲು ಹಿಡಿದವರು, ಹಟ್ಟಿಯ ಗೊಬ್ಬರ ಹೊತ್ತವರು, ಅಂಗಳದ ಆಚೆ ನಿಂತು ಕರೆಯುತ್ತಿದ್ದವರು. ಅರ್ಥದ ಸಾಲಿನಲ್ಲಿ ಬರೆಯದ ಅರ್ಥ ಅದು. ಪುಸ್ತಕ ಬರೆದವರಿಗೂ ಗೊತ್ತು, ಓದುವ ನಮಗೂ ಗೊತ್ತು.

ಶಿವರಾಮ ಕಾರಂತರು 'ಚೋಮನ ದುಡಿ' ಬರೆಯುವಾಗ ಚೋಮನ ಹಿರಿಯ ಗಂಡುಮಕ್ಕಳಿಗೆ ಚನಿಯ, ಗುರುವ ಎಂದು ಹೆಸರಿಟ್ಟರು. ಅಪ್ಪ ಸೋಮವಾರ, ಮಕ್ಕಳು ಶನಿವಾರ, ಗುರುವಾರ. ಓದುವಾಗ ನಾವು ಇದನ್ನು ಗಮನಿಸುವುದೇ ಇಲ್ಲ, ಅಷ್ಟು ಸಹಜ. ಕಿರಿಯ ಇಬ್ಬರು ಕಾಳ, ನೀಲ. ಈ ನೀಲನಲ್ಲಿ ಒಂದು ಸ್ವಾರಸ್ಯ ಉಂಟು. ನಮ್ಮ ಇಂಗ್ಲಿಷ್ ಪುಸ್ತಕದಲ್ಲಿ 'ನೀಲ್' ಎಂಬ ಹೆಸರಿಗೆ ನಕ್ಷತ್ರದ ಗುರುತು ಹಾಕಿದ್ದಾರೆ, ಆಧುನಿಕ, ಚಿಕ್ಕದು, ವಿದೇಶದಲ್ಲಿಯೂ ನಡೆಯುತ್ತದೆ ಎಂದು. ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗನ ಹೆಸರು ಐರ್ಲೆಂಡ್ ಕಡೆಯ ಗೇಲಿಕ್ ಭಾಷೆಯ ನಿಯಲ್ ಎಂಬುದರಿಂದ ಬಂದದ್ದು, ನಮ್ಮ ನೀಲ ಬಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ. ಸಂಬಂಧ ಇರುವ ನೀಲ ಚೋಮನ ಗುಡಿಸಲಿನಲ್ಲಿ ಆಗಲೇ ಇದ್ದ. ಕೊನೆಯ ಸ್ವರ ಬಿಟ್ಟ ಕೂಡಲೇ ಅವನು ಪೇಟೆಯ ಹುಡುಗನಾದ!

ಇನ್ನೊಂದು ಪುಟ ನನಗೆ ಆಶ್ಚರ್ಯ ಆದದ್ದು. ಅದೇ ಇಂಗ್ಲಿಷ್ ಪುಸ್ತಕದಲ್ಲಿ 'ಕೋಫಿ — ಆಫ್ರಿಕ — ಶುಕ್ರವಾರ ಹುಟ್ಟಿದವನು' ಎಂದು ಉಂಟು. ಘಾನಾ ದೇಶದ ಅಕಾನ್ ಜನರಲ್ಲಿ ಮಗು ಹುಟ್ಟಿದ ವಾರವೇ ಹೆಸರು. ಆದಿತ್ಯವಾರ ಕ್ವಾಸಿ, ಬುಧವಾರ ಕ್ವಾಕು, ಶುಕ್ರವಾರ ಕೋಫಿ, ಶನಿವಾರ ಕ್ವಾಮೆ. ವಿಶ್ವಸಂಸ್ಥೆಗೆ 1997ರಿಂದ 2006ರವರೆಗೆ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಹುಟ್ಟಿದ್ದು 1938ರ ಎಪ್ರಿಲ್ 8, ಶುಕ್ರವಾರ. ನಮ್ಮ ಕಡೆ ಹುಟ್ಟಿದ್ದರೆ ತುಕ್ರ. 1957ರಲ್ಲಿ ಘಾನಾ ಸ್ವತಂತ್ರವಾದಾಗ ಪ್ರಧಾನಿಯಾಗಿದ್ದವರು ಕ್ವಾಮೆ ಎನ್ಕ್ರೂಮಾ. ತುಳುವಿನಲ್ಲಿ ಹೇಳಿದರೆ ಚನಿಯ. ಅಲ್ಲಿ ಈ ಹೆಸರು ರಾಜನ ಮನೆಯಲ್ಲಿಯೂ ಉಂಟು, ಮೀನು ಹಿಡಿಯುವವನ ಮನೆಯಲ್ಲಿಯೂ ಉಂಟು. ಸಮುದ್ರದ ಆಚೆಯ ಶುಕ್ರವಾರಕ್ಕೆ ಒಂದು ಸಾಲು ಕೊಟ್ಟ ಪುಸ್ತಕಗಳು ನಮ್ಮ ಹಿತ್ತಿಲ ಶುಕ್ರವಾರಕ್ಕೆ ಕೊಡಲಿಲ್ಲ. ನಾನು ಈ ಪುಸ್ತಕಗಳ ಮೇಲೆ ಹಾಕುವ ಮುಖ್ಯ ದೂರು ಇದು.

ಆದರೆ ದೂರು ಹೇಳುವಾಗ ನಾವು ಭಾವುಕರಾಗುವುದು ಬೇಡ. ನನ್ನ ಜತೆಯ ಒಬ್ಬ ಮಾಷ್ಟ್ರು, ಸ್ವತಃ ಒಬ್ಬ ಬೂದಜ್ಜನ ಮೊಮ್ಮಗ, ಇದನ್ನೆಲ್ಲ ಕೇಳಿ ಹೇಳಿದರು: "ನಿಮಗೆ ಚಂದ ಕಾಣ್ತದೆ. ರಾಬಿನ್ಸನ್ ಕ್ರೂಸೋ ತನ್ನ ಆಳಿಗೆ ಫ್ರೈಡೇ ಅಂತ ಹೆಸರಿಟ್ಟ, ಅದೂ ವಾರದ ಹೆಸರೇ ಅಲ್ವಾ? ಆಳಿನ ಹೆಸರು ಕೇಳುವ ಪುರುಸೊತ್ತು ಧಣಿಗೆ ಇರಲಿಲ್ಲ, ಅಷ್ಟೇ." ಈ ಮಾತಿಗೆ ತೂಕ ಉಂಟು. ನಾನು ಅವರಿಗೆ ಹೇಳಿದ್ದು: ಇಟ್ಟದ್ದು ಧಣಿಯೇ ಆಗಿದ್ದರೆ ಐತಪ್ಪ ಶೆಟ್ಟಿ, ಸೋಮಪ್ಪ ಎಂದು ಧಣಿಗಳ ಮನೆಯಲ್ಲಿ ಆ ಹೆಸರು ಯಾಕೆ ಇತ್ತು? ವಾರ ಎಲ್ಲರಿಗೂ ಒಂದೇ. ಭೇದ ಇದ್ದದ್ದು ಬಾಲದಲ್ಲಿ. ಒಬ್ಬನಿಗೆ 'ಅಪ್ಪ' ಸೇರಿತು, 'ಬನ್ನಿ ಐತಪ್ಪಣ್ಣ' ಎಂದು ಆಯಿತು. ಇನ್ನೊಬ್ಬನು ಬರೇ ಐತ, 'ಏ ಐತ, ಇತ್ತ ಬಾ' ಎಂದು ಆಯಿತು. ಎಂಬತ್ತು ವರ್ಷ ಆದವನನ್ನೂ ಎಂಟು ವರ್ಷದ ಹುಡುಗ ಹಾಗೆ ಕರೆಯುತ್ತಿದ್ದ. ಅವರು ನಕ್ಕು, "ಅದೇ ನಾನು ಹೇಳಿದ್ದು" ಎಂದರು. ಬಹುಶಃ ನಾವಿಬ್ಬರೂ ಒಂದೇ ಮಾತು ಹೇಳಿದ್ದೇವೆ, ಅವರು ಅದನ್ನು ಅನುಭವಿಸಿ ಹೇಳಿದರು.

ಕೊರಗಜ್ಜನ ಮನುಷ್ಯ ಜನ್ಮದ ಹೆಸರು ಕೊರಗ ತನಿಯ. ದನ ಕಳೆದುಹೋದರೆ, ಚಿನ್ನ ಕಳೆದುಹೋದರೆ ಎಲ್ಲ ಜಾತಿಯವರೂ ಆ ಅಜ್ಜನಿಗೆ ಚಕ್ಕುಲಿ, ವೀಳ್ಯ ಹರಕೆ ಹೇಳುತ್ತೇವೆ. ಕೈ ಮುಗಿಯಲು ತನಿಯ ಆಗುತ್ತದೆ. ತೊಟ್ಟಿಲಿಗೆ ಆಗುವುದಿಲ್ಲ.

ಇಲ್ಲಿ ನನ್ನ ಲೆಕ್ಕವನ್ನೂ ಹೇಳಬೇಕು. 1983ರ ಜೂನ್, ಶಾಲೆ ಸುರುವಾದ ವಾರ, ಜೋರು ಮಳೆ. ನಾನು ಒಂದನೇ ತರಗತಿಯ ಪ್ರವೇಶದ ಪುಸ್ತಕ ಬರೆಯುತ್ತಿದ್ದೆ. ಒಬ್ಬರು ಅಮ್ಮ ತಲೆಗೆ ಕೊರಂಬು ಹಾಕಿಕೊಂಡು ಹುಡುಗನನ್ನು ಕರೆದುಕೊಂಡು ಬಂದರು. ಹೆಸರು ಕೇಳಿದೆ. "ಅಂಗಾರ" ಎಂದರು. ನಾನು ಪೆನ್ನು ಎತ್ತಿ ಒಂದು ಕ್ಷಣ ನೋಡಿ, "ಶಾಲೆಗೆ ಇದು ಚಂದ ಆಗೂದಿಲ್ಲ, ಆನಂದ ಅಂತ ಬರೀತೇನೆ, ಆಗದಾ?" ಎಂದೆ. ಅವರು, "ನಿಮಗೆ ಸರಿ ಕಂಡ ಹಾಗೆ ಮಾಡಿ ಧಣಿ" ಎಂದರು. ನಾನು ದೊಡ್ಡ ಉಪಕಾರ ಮಾಡಿದ ಸಮಾಧಾನದಲ್ಲಿ ಆನಂದ ಎಂದು ಬರೆದೆ. ಆ ಒಂದು ವರ್ಷದಲ್ಲಿ ಹೀಗೆ ನಾಲ್ಕೈದು ಮಕ್ಕಳ ಹೆಸರು ತಿದ್ದಿದ್ದೇನೆ. ಎಸ್ಸೆಸೆಲ್ಸಿ ಪುಸ್ತಕಕ್ಕೆ ಹೋದದ್ದು, ಮುಂದೆ ಎಲ್ಲ ಕಾಗದಕ್ಕೂ ಹೋದದ್ದು ನಾನು ಬರೆದ ಹೆಸರೇ.

ಎರಡು ಮೂರು ವರ್ಷ ಕಳೆದು ಆ ಹುಡುಗನಿಗೆ ಒಂದು ಸಣ್ಣ ಸಹಾಯಧನ ಮನಿಯಾರ್ಡರಿನಲ್ಲಿ ಬಂತು. ಪೋಸ್ಟ್‌ಮ್ಯಾನ್ ಗುಡ್ಡ ಹತ್ತಿ ಮನೆಗೆ ಹೋಗಿ "ಆನಂದ ಯಾರು?" ಎಂದರೆ ಅಮ್ಮ, "ಆ ಹೆಸರಿನವರು ನಮ್ಮಲ್ಲಿ ಇಲ್ಲ" ಎಂದು ಕಳಿಸಿಬಿಟ್ಟರು. ಹಣ ವಾಪಸು ಹೋಯಿತು. ಆಗ ಈ ಕತೆ ಹೇಳಿ ಸ್ಟಾಫ್ ರೂಮಿನಲ್ಲಿ ನಾವೆಲ್ಲ ನಕ್ಕಿದ್ದೆವು. ತನ್ನ ಹೊಟ್ಟೆಯಲ್ಲಿ ಹುಟ್ಟಿದವನ ಹೆಸರು ತಾಯಿಗೆ ಗೊತ್ತಿಲ್ಲದ ಹಾಗೆ ಮಾಡಿದವನು ನಾನು ಎಂದು ಆಗ ಹೊಳೆಯಲಿಲ್ಲ. ಆ ಹುಡುಗ ಈಗ ಒಳ್ಳೆಯ ಕೆಲಸದಲ್ಲಿದ್ದಾನೆ. ಒಂದು ಮದುವೆಯಲ್ಲಿ ಸಿಕ್ಕಿದಾಗ ನಾನೇ ಮಾತೆತ್ತಿದೆ. "ಒಳ್ಳೇದೇ ಮಾಡಿದ್ರಿ ಮಾಷ್ಟ್ರೇ, ಆ ಹೆಸರಿಟ್ಟುಕೊಂಡು ಆಫೀಸಿನಲ್ಲಿ ಕೂರಲಿಕ್ಕೆ ಬಿಡ್ತಿದ್ರಾ?" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಅಮ್ಮ ಹೋದ ಮೇಲೆ ಅಂಗಾರ ಅಂತ ಕರೆಯುವವರು ಯಾರೂ ಇಲ್ಲ" ಎಂದೂ ಹೇಳಿದ. ಊಟಕ್ಕೆ ಕರೆದರು, ಮಾತು ಅಲ್ಲಿಗೇ ನಿಂತಿತು.

ಹಾಗಾಗಿ ಪುಸ್ತಕಗಳನ್ನು ಬೈಯುವಾಗ ನನ್ನ ಕೈಬರಹದ ಆ ರಿಜಿಸ್ಟ್ರು ಕಣ್ಣ ಮುಂದೆ ಬರುತ್ತದೆ. ಪುಸ್ತಕ ಬಿಟ್ಟದ್ದನ್ನು ನಾನು ಅಳಿಸಿದ್ದೆ. ಎರಡರಲ್ಲಿ ಯಾವುದು ಹೆಚ್ಚು ಎಂದು ಓದಿದವರು ಹೇಳಬೇಕು.

ಕಳೆದ ಚಿಂಗದಲ್ಲಿ, ಅಂದರೆ ನಮ್ಮ ಸೋಣದಲ್ಲಿ, ರಿಕ್ಷಾ ಬಿಡುವ ಒಬ್ಬ ಹುಡುಗ ವಾಚನಾಲಯಕ್ಕೆ ಬಂದ. ಅವನೂ ನನ್ನ ಶಿಷ್ಯ.

"ಗಂಡುಮಗು ಮಾಷ್ಟ್ರೇ. ಆ ಪುಸ್ತಕ ಕೊಡಿ."

ಬೆಂಚಿನಲ್ಲಿ ಕೂತು ಬೆರಳಿಟ್ಟು ಹುಡುಕಿದ. ಅರ್ಧ ಗಂಟೆಯಲ್ಲಿ ಎದ್ದು ಬಂದು, "ಆದಿತ್ಯ ಅಂತ ಇಡುವುದು ಎಂದು ಉಂಟು, ಹೇಗೆ?" ಎಂದ.

ನನಗೆ ತಡೆಯಲಿಕ್ಕಾಗಲಿಲ್ಲ. "ಅದು ನಿನ್ನ ಅಜ್ಜನ ಹೆಸರೇ ಅಲ್ವಾ ಮಾರಾಯ" ಎಂದೆ. ಅವನ ಅಜ್ಜ ಐತ. ಐತಾರ ಹೇಗೆ ಆದಿತ್ಯವಾರವಾಗುತ್ತದೆ ಎಂದು ಬಿಡಿಸಿ ಹೇಳಿದೆ. ಅವನು ಮೊದಲು ನಂಬಲಿಲ್ಲ, ಆಮೇಲೆ ನಕ್ಕ, ಆಮೇಲೆ ಸ್ವಲ್ಪ ಹೆದರಿದ.

"ಅಪ್ಪನಿಗೆ ಹೇಳ್ಬೇಡಿ ಮಾಷ್ಟ್ರೇ. ಅವರನ್ನು ಶಾಲೆಯಲ್ಲಿ ಐತನ ಮಗ, ಐತನ ಮಗ ಅಂತ ಗೋಳು ಹೊಯ್ದುಕೊಳ್ತಿದ್ರಂತೆ. ಆ ಹೆಸರು ತೆಗೆದರೆ ಈಗಲೂ ಊಟದಿಂದ ಏಳ್ತಾರೆ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆದರೆ ಹದಿನೈದು ದಿನ ಕಳೆದು ಆ ಅಪ್ಪನೇ ಬಂದರು, ಕೈಯಲ್ಲಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿದ ಹಳೆಯ ಕಾಗದ. ಮನೆ ರಿಪೇರಿಯ ಅರ್ಜಿಗೆ ಬೇಕು, ಓದಿ ಹೇಳಬೇಕು ಎಂದರು. ನೋಡಿದರೆ ಕುಡಿಕಿಡಪ್ಪಿನ ಕಾಗದ. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿ ಹೋದದ್ದು, ಪಂಚಾಯತು ಪ್ರದೇಶದಲ್ಲಿ ಧಣಿಯ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಒಕ್ಕಲಿಗೆ ಹತ್ತು ಸೆಂಟ್ಸಿನ ಹಕ್ಕು ಬಂದದ್ದು ಹಿರಿಯರಿಗೆ ನೆನಪಿರಬಹುದು. ಚೋಮ ಕೇಳಿ ಸಿಗದೆ ಸತ್ತದ್ದು ಇಂಥದ್ದೇ ಒಂದು ತುಂಡು ನೆಲ. ಕಾಗದದ ಮಡಿಕೆಗಳಲ್ಲಿ ಅಕ್ಷರ ಮಾಸಿತ್ತು, ಹಕ್ಕುದಾರರ ಹೆಸರು ಮಾತ್ರ ಸ್ಪಷ್ಟ: ತುಕ್ರನ ಮಗ ಐತ. ಶುಕ್ರವಾರ, ಆದಿತ್ಯವಾರ ಎರಡೂ ಒಂದೇ ಸಾಲಿನಲ್ಲಿ. ನಾನು ಗಟ್ಟಿಯಾಗಿ ಓದಿದೆ. ಅವರು ಏಳಲಿಲ್ಲ. "ಅದು ಹಾಗೆಯೇ ಇರಬೇಕಾ? ತಿದ್ದಲಿಕ್ಕೆ ಆಗೂದಿಲ್ವಾ?" ಎಂದು ಕೇಳಿದರು. ತಿದ್ದಿದರೆ ಜಾಗ ನಿಮ್ಮದೆಂದು ತೋರಿಸುವುದು ಕಷ್ಟ, ಈ ಹೆಸರೇ ನಿಮ್ಮ ಆಧಾರ ಎಂದೆ. ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ತೊಟ್ಟೆಯೊಳಗೆ ಇಟ್ಟರು. ಅರ್ಜಿಯಲ್ಲಿ ತಂದೆಯ ಹೆಸರು ಎಂಬಲ್ಲಿ ಐತ ಎಂದು ಅವರೇ ಬರೆದರು, ನಿಧಾನಕ್ಕೆ.

ಇಂಥ ಕಾಗದಗಳು ನಮ್ಮ ಊರಿನ ಎಷ್ಟೋ ಮನೆಗಳ ಅಟ್ಟದಲ್ಲಿ ಉಂಟು. ಶಾಲೆಯ ಹಳೆಯ ಪ್ರವೇಶದ ಪುಸ್ತಕಗಳು ಉಂಟು, ಮತದಾರರ ಪಟ್ಟಿಗಳು ಉಂಟು. ಹೆಸರಿನ ಪುಸ್ತಕ ಬರೆಯುವವರು ನಿಘಂಟು ಬಿಟ್ಟು ಇವುಗಳ ಮುಂದೆ ಒಂದು ತಿಂಗಳು ಕೂತಿದ್ದರೆ ಬೇರೆಯೇ ಪುಸ್ತಕ ಆಗುತ್ತಿತ್ತು. ಬೇಕಾದರೆ ನಮ್ಮ ವಾಚನಾಲಯವೇ ಸುರು ಮಾಡಬಹುದು, ಒಂದು ನೋಟುಪುಸ್ತಕ ಸಾಕು. ಐದನೇ ಪುಸ್ತಕವಾಗಿ ಅದೇ ಕೆಳಗಿನ ಸಾಲಿನಲ್ಲಿ ಇಡುವ.

ರಿಕ್ಷಾದ ಹುಡುಗ ಮೊನ್ನೆ ಪುಸ್ತಕ ವಾಪಸು ಕೊಡಲು ಬಂದ. ಮಗುವಿಗೆ ಆದಿತ್ಯ ಎಂದೇ ಇಟ್ಟದ್ದಂತೆ. ಆದರೆ ನಾನು ಹೇಳಿದ ವಿಷಯವನ್ನು ಅವನು ಅಜ್ಜಿಯ ಕಿವಿಗೆ ಹಾಕಿದ್ದಾನೆ. ಐತಜ್ಜನ ಹೆಂಡತಿ, ಎಂಬತ್ತು ದಾಟಿದವರು. ಗಂಡನ ಹೆಸರನ್ನು ಜನ್ಮದಲ್ಲಿ ಬಾಯಿಬಿಟ್ಟು ಹೇಳಿದವರಲ್ಲ.

"ಅಂದಿನಿಂದ ಅಜ್ಜಿ ಮಗುವಿನ ಹೆಸರು ಹೇಳೂದಿಲ್ಲ ಮಾಷ್ಟ್ರೇ. 'ಬಾಲೆ' ಅಂತಲೇ ಕರೀತಾರೆ. ಅಪ್ಪ ಯಾಕೆ ಅಂತ ಕೇಳಿದ್ರೆ ಸುಮ್ಮನೆ ನಗ್ತಾರೆ."